ಪಟ್ಟಿಯಿಂದ ಹೆಸರು ಬಿಟ್ಟುಹೋಗುವುದು ಹೇಗೆ?

"ಸಿಸ್ಟಮ್‌ನಲ್ಲಿ ಹಾಗೇ ತೋರಿಸ್ತಿದೆ, ನಾವೇನೂ ಮಾಡೋಕಾಗಲ್ಲ." ನ್ಯಾಯಬೆಲೆ ಅಂಗಡಿ, ನಾಡಕಚೇರಿ, ಗ್ರಾಮ ಒನ್, ಬ್ಯಾಂಕ್ ಕೌಂಟರ್, ಎಲ್ಲಿ ನಿಂತರೂ ಈಗ ಈ ಮಾತು ಕಿವಿಗೆ ಬೀಳುತ್ತದೆ. ಹೇಳಿದವರು ಸುಳ್ಳು ಹೇಳುತ್ತಿರುವುದಿಲ್ಲ. ಅವರೆದುರಿನ ಪರದೆಯ ಮೇಲೆ 'ಅನರ್ಹ' ಎಂದಷ್ಟೇ ಇರುತ್ತದೆ. ಏಕೆ ಅನರ್ಹ, ಹಾಗೆಂದು ತೀರ್ಮಾನಿಸಿದ್ದು ಯಾರು, ಯಾವ ದಾಖಲೆ ನೋಡಿ ಎಂಬುದು ಅವರಿಗೂ ಗೊತ್ತಿರುವುದಿಲ್ಲ.

ಕೃತಕ ಬುದ್ಧಿಮತ್ತೆಯ ನೀತಿ–ಅನೀತಿಯ ಬಗ್ಗೆ ವಿಚಾರ ಸಂಕಿರಣಗಳಿಗೇನೂ ಬರವಿಲ್ಲ. ಯಂತ್ರಕ್ಕೆ ಪ್ರಜ್ಞೆ ಬಂದೀತೇ, ಕವಿಗಳ ಕೆಲಸ ಹೋದೀತೇ ಎಂದು ಗಂಟೆಗಟ್ಟಲೆ ಮಾತಾಡುತ್ತೇವೆ. ಆದರೆ ಕಂಪ್ಯೂಟರಿನ ತೀರ್ಮಾನಗಳಿಂದ ಜನ ನಿಜಕ್ಕೂ ನೊಂದ ದೊಡ್ಡ ಪ್ರಕರಣಗಳನ್ನು ತೆಗೆದು ನೋಡಿದರೆ, ಅವು ನಡೆದಿರುವುದು ಬಹಳ ಸಪ್ಪೆಯಾದ ಜಾಗಗಳಲ್ಲಿ: ಪಡಿತರ, ಮಕ್ಕಳ ಪಾಲನಾ ಭತ್ಯೆ, ನಿರುದ್ಯೋಗ ಭತ್ಯೆಯ ಪಟ್ಟಿಗಳಲ್ಲಿ. ಅಲ್ಲಿ ಒಂದು ಹೆಸರು ಹೇಗೆ ಬಿಟ್ಟುಹೋಗುತ್ತದೆ ಎಂಬುದನ್ನು ಹಂತಹಂತವಾಗಿ ಬಿಡಿಸಿ ನೋಡಿದರೆ, ಈ ವಿಷಯದ ಮುಕ್ಕಾಲು ಪಾಲು ಅರ್ಥವಾದಂತೆ.

ಇಬ್ಬರು ಮಂಜುನಾಥರು ಒಬ್ಬರಾಗುವ ಬಗೆ

ಮೊದಲು ಆಗುವುದು ಜೋಡಣೆ. ಸರ್ಕಾರದ ಬಳಿ ನಿಮ್ಮ ಬಗ್ಗೆ ಒಂದು ಕಡತ ಇರುವುದಿಲ್ಲ, ಹತ್ತಾರು ಇರುತ್ತವೆ. ಆಹಾರ ಇಲಾಖೆಯಲ್ಲಿ ಒಂದು, ಸಾರಿಗೆ ಇಲಾಖೆಯ ವಾಹನ ನೋಂದಣಿಯಲ್ಲಿ ಇನ್ನೊಂದು, ಪಹಣಿಯಲ್ಲಿ ಮತ್ತೊಂದು, ವಿದ್ಯುತ್ ಕಂಪನಿಯ ಮೀಟರಿಗೊಂದು, ಆದಾಯ ತೆರಿಗೆಯಲ್ಲಿ ಮಗದೊಂದು. ಇವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಉದ್ದೇಶಕ್ಕೆ, ಬೇರೆ ಬೇರೆ ಗುಮಾಸ್ತರು ಬರೆದ ದಾಖಲೆಗಳು. ಬಿಪಿಎಲ್ ಕಾರ್ಡ್ ಇರುವವರ ಬಳಿ ಕಾರು ಇದೆಯೇ ಎಂದು ತಿಳಿಯಬೇಕಾದರೆ ಎರಡು ಕಡತಗಳನ್ನು ಪಕ್ಕಪಕ್ಕ ಇಟ್ಟು, ಇಲ್ಲಿರುವ ವ್ಯಕ್ತಿಯೂ ಅಲ್ಲಿರುವ ವ್ಯಕ್ತಿಯೂ ಒಬ್ಬರೇ ಎಂದು ಗುರುತಿಸಬೇಕು.

ಎರಡೂ ಕಡೆ ಒಂದೇ ಗುರುತಿನ ಸಂಖ್ಯೆ ಇದ್ದರೆ ಕೆಲಸ ಸುಲಭ. ಇಲ್ಲದಿದ್ದರೆ ಹೆಸರು, ತಂದೆಯ ಹೆಸರು, ವಿಳಾಸ, ವಯಸ್ಸು ಇವನ್ನೇ ಹೋಲಿಸಬೇಕು. ನಮ್ಮ ಹೆಸರುಗಳ ಅವಸ್ಥೆ ನಿಮಗೇ ಗೊತ್ತಿದೆ. ಒಂದು ಕಾರ್ಡಿನಲ್ಲಿ ಮಂಜುನಾಥ, ಇನ್ನೊಂದರಲ್ಲಿ ಮಂಜುನಾಥ್, ಮೂರನೆಯದರಲ್ಲಿ ಮಂಜುನಾಥಗೌಡ. ಹಳೇ ಮೈಸೂರಿನ ಕಡೆ ಊರು ಮತ್ತು ಅಪ್ಪನ ಹೆಸರಿನ ಮೊದಲಕ್ಷರಗಳು ಮುಂದೆ ಬರುತ್ತವೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಹಿಂದೆ ಬರುತ್ತದೆ. ಪಹಣಿಯಲ್ಲಿ 'ಬಿನ್' ಎಂದು ಅಪ್ಪನ ಹೆಸರಿನೊಂದಿಗಿದ್ದ ಹೆಣ್ಣುಮಗಳು ಮದುವೆಯಾದ ಮೇಲಿನ ದಾಖಲೆಯಲ್ಲಿ 'ಕೋಂ' ಎಂದು ಗಂಡನ ಹೆಸರಿನೊಂದಿಗಿರುತ್ತಾಳೆ. ಇಷ್ಟು ಸಾಲದೆಂಬಂತೆ ಎಲ್ಲವೂ ಇಂಗ್ಲಿಷ್ ಅಕ್ಷರಕ್ಕೆ ಇಳಿಯುವಾಗ ಪ್ರತಿ ಟೈಪಿಸ್ಟ್‌ಗೂ ಅವರದೇ ಕಾಗುಣಿತ.

ಇಲ್ಲಿ ಸಾಫ್ಟ್‌ವೇರ್ ಮಾಡುವುದು ಒಂದು ಅಂದಾಜು. ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ತೆಗೆಯಬೇಕು ಅಥವಾ ಬದಲಿಸಬೇಕು ಎಂದು ಎಣಿಸುತ್ತದೆ. ಈ ಎಣಿಕೆಯ ವಿಧಾನಕ್ಕೆ ಅದನ್ನು 1965ರಲ್ಲಿ ರೂಪಿಸಿದ ರಷ್ಯಾದ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ ಅವರ ಹೆಸರೇ ನಿಂತಿದೆ. ಉಚ್ಚಾರಣೆಯ ಹೋಲಿಕೆಯಿಂದ ಹೆಸರು ಜೋಡಿಸುವ ಸೌಂಡೆಕ್ಸ್ ಎಂಬ ವಿಧಾನ ಇನ್ನೂ ಹಳೆಯದು; ಅಮೆರಿಕದಲ್ಲಿ 1918ರಲ್ಲೇ ಅದಕ್ಕೆ ಪೇಟೆಂಟ್ ಸಿಕ್ಕಿತ್ತು. ಅದು ಹುಟ್ಟಿದ್ದು ಇಂಗ್ಲಿಷ್ ಬರವಣಿಗೆಯ ಅಡ್ಡಹೆಸರುಗಳಿಗಾಗಿ. ಇಂಥ ಹಲವು ಹೋಲಿಕೆಗಳನ್ನು ಕೂಡಿಸಿ ಕಂಪ್ಯೂಟರ್ ಒಂದು ಅಂಕ ಕೊಡುತ್ತದೆ. ಉದಾಹರಣೆಗೆ, ಅಂಕ ನೂರಕ್ಕೆ 85 ದಾಟಿದರೆ ಇಬ್ಬರೂ ಒಬ್ಬರೇ, ದಾಟದಿದ್ದರೆ ಬೇರೆ ಬೇರೆ.

ಆ 85 ಎಂಬುದನ್ನು ನಿಗದಿ ಮಾಡಿದವರು ಯಾರು? ಇದೇ ಮುಖ್ಯ ಪ್ರಶ್ನೆ. ಅದು ಜರಡಿಯ ಕಣ್ಣಿನ ಹಾಗೆ: ಕಣ್ಣು ದೊಡ್ಡದಾದರೆ ಕಲ್ಲೂ ಇಳಿಯುತ್ತದೆ, ಚಿಕ್ಕದಾದರೆ ಕಾಳೂ ಮೇಲೆಯೇ ಉಳಿಯುತ್ತದೆ. ಎರಡೂ ತಪ್ಪುಗಳನ್ನು ಒಟ್ಟಿಗೆ ಸೊನ್ನೆಗಿಳಿಸುವ ಕಣ್ಣಿನ ಅಳತೆ ಇಲ್ಲ. ಹಾಗಿರುವಾಗ ಯಾವ ತಪ್ಪನ್ನು ಸಹಿಸಬೇಕು, ಕಾರಿದ್ದವರಿಗೆ ಅಕ್ಕಿ ಹೋಗುವುದನ್ನೋ ಇಲ್ಲದವರಿಗೆ ನಿಲ್ಲುವುದನ್ನೋ ಎಂಬುದು ರಾಜಕೀಯ ತೀರ್ಮಾನ, ನೈತಿಕ ತೀರ್ಮಾನ. ಅದನ್ನು ಟೆಂಡರ್ ಪಡೆದ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್ ಒಂದು ಮಧ್ಯಾಹ್ನ ತೆಗೆದುಕೊಂಡುಬಿಟ್ಟರೆ ಶಾಸನಸಭೆಗೆ ಸುದ್ದಿಯೂ ಮುಟ್ಟುವುದಿಲ್ಲ.

ಇದು ಕಲ್ಪನೆಯ ಮಾತಲ್ಲ. ಪಕ್ಕದ ತೆಲಂಗಾಣದಲ್ಲಿ 'ಸಮಗ್ರ ವೇದಿಕೆ' ಎಂಬ ವ್ಯವಸ್ಥೆ ಹತ್ತಾರು ಇಲಾಖೆಗಳ ದಾಖಲೆಗಳನ್ನು ಹೀಗೆ ಹೆಸರು–ವಿಳಾಸಗಳ ಹೋಲಿಕೆಯಿಂದ ಜೋಡಿಸುತ್ತಿತ್ತು. ರಿಕ್ಷಾ ಎಳೆಯುತ್ತಿದ್ದ ಒಬ್ಬರ ಹೆಸರು, ಬೇರೊಬ್ಬ ಕಾರಿನ ಮಾಲೀಕರ ಹೆಸರಿಗೆ ಒಂದು ಪದದಷ್ಟು ಹತ್ತಿರವಿತ್ತು. ಯಂತ್ರ ಇಬ್ಬರನ್ನೂ ಒಬ್ಬರೆಂದುಕೊಂಡಿತು. ರಿಕ್ಷಾ ಎಳೆಯುವವರ ಮನೆಗೆ ಪಡಿತರ ನಿಂತಿತು. ರಾಜ್ಯದಲ್ಲಿ 2016ರ ನಂತರ ರದ್ದಾಗಿದ್ದ ಸುಮಾರು 19 ಲಕ್ಷ ಕಾರ್ಡ್‌ಗಳ ವಿಷಯ ಸುಪ್ರೀಂ ಕೋರ್ಟ್‌ಗೆ ಹೋಗಿ, 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ ಸ್ಥಳ ಪರಿಶೀಲನೆ ಮಾಡಿ ಎಂದು ಆದೇಶಿಸಿತು. ಕಾರ್ಡ್ ಕಿತ್ತುಕೊಳ್ಳುವ ಮೊದಲು ಮಾಡಬೇಕಾದ ಕೆಲಸವನ್ನು ವರ್ಷಗಳ ನಂತರ ಕೋರ್ಟ್ ಹೇಳಿ ಮಾಡಿಸಬೇಕಾಯಿತು.

ನೂರಕ್ಕೆ 95 ಸರಿ ಎಂದರೆ ಎಷ್ಟು ತಪ್ಪು?

"ನಮ್ಮ ವ್ಯವಸ್ಥೆ ಶೇ 95ರಷ್ಟು ನಿಖರ" ಎಂದು ಯಾರಾದರೂ ಹೇಳಿದರೆ ಕೇಳಲು ಚೆನ್ನಾಗಿರುತ್ತದೆ. ಒಂದು ಲೆಕ್ಕ ಹಾಕೋಣ. ಅಂಕಿಗಳು ಲೆಕ್ಕಕ್ಕಾಗಿ ಊಹಿಸಿಕೊಂಡವು. ಒಂದು ರಾಜ್ಯದಲ್ಲಿ 1 ಕೋಟಿ ಕುಟುಂಬಗಳಿಗೆ ಪಡಿತರ ಸಿಗುತ್ತಿದೆ. ಅವರಲ್ಲಿ ಶೇ 2, ಅಂದರೆ 2 ಲಕ್ಷ ಕುಟುಂಬಗಳು ಅನರ್ಹ. ಯಂತ್ರ ಅನರ್ಹರಲ್ಲಿ ಶೇ 95 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ: 1.9 ಲಕ್ಷ. ಅರ್ಹರಲ್ಲೂ ಶೇ 95 ಮಂದಿಯನ್ನು ಸರಿಯಾಗಿ ಬಿಟ್ಟುಬಿಡುತ್ತದೆ. ಉಳಿದ ಶೇ 5 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಅರ್ಹರು 98 ಲಕ್ಷ ಇದ್ದಾರಲ್ಲ, ಅದರ ಶೇ 5 ಎಂದರೆ 4.9 ಲಕ್ಷ.

ಈಗ 'ಅನರ್ಹ' ಎಂದು ಗುರುತಾದ ಒಟ್ಟು 6.8 ಲಕ್ಷ ಕುಟುಂಬಗಳಲ್ಲಿ 4.9 ಲಕ್ಷ ಕುಟುಂಬಗಳು ನಿರಪರಾಧಿಗಳು. ಪ್ರತಿ ಹತ್ತರಲ್ಲಿ ಏಳಕ್ಕಿಂತ ಹೆಚ್ಚು! ಯಂತ್ರ ಕೆಟ್ಟಿಲ್ಲ, ಯಾರೂ ಮೋಸ ಮಾಡಿಲ್ಲ, ಶೇ 95ರ ಮಾತೂ ಸುಳ್ಳಲ್ಲ. ತಪ್ಪು ಮಾಡುವವರು ಕಡಿಮೆ ಇರುವ ಕಡೆ ತಪ್ಪಿತಸ್ಥರನ್ನು ಹುಡುಕಲು ಹೊರಟರೆ ಗಣಿತ ಹೀಗೆಯೇ ವರ್ತಿಸುತ್ತದೆ. ಆದ್ದರಿಂದ ಯಂತ್ರದ ಪಟ್ಟಿಯನ್ನು 'ಇವರನ್ನು ಹೋಗಿ ವಿಚಾರಿಸಿ' ಎಂದು ಓದಿದರೆ ಅದು ಉಪಕಾರಿ. 'ಇವರ ಕಾರ್ಡ್ ರದ್ದು ಮಾಡಿ' ಎಂದು ಓದಿದರೆ ಅಪಾಯಕಾರಿ. ಪಟ್ಟಿ ಎರಡಕ್ಕೂ ಒಂದೇ.

ಇನ್ನೊಂದು ಬಗೆಯ ತಪ್ಪು ನಿಖರತೆಯ ಲೆಕ್ಕಕ್ಕೂ ಸಿಗುವುದಿಲ್ಲ. ನಾವು ನಿಜವಾಗಿ ತಿಳಿಯಬೇಕಾದುದು ಬಡತನ. ಅದು ಯಾವ ಡೇಟಾಬೇಸಿನಲ್ಲೂ ಇಲ್ಲ. ಹಾಗಾಗಿ ಡೇಟಾಬೇಸಿನಲ್ಲಿ ಇರುವ ಯಾವುದನ್ನೋ ಅದರ ಬದಲಿಗೆ ಇಟ್ಟುಕೊಳ್ಳುತ್ತೇವೆ: ವಾಹನ, ಜಮೀನು, ಕರೆಂಟ್ ಬಿಲ್, ಆದಾಯ ತೆರಿಗೆ. ವಾಹನಕ್ಕೋ ಮನೆಗೋ ಸಾಲ ಬೇಕೆಂದು ಬ್ಯಾಂಕಿಗೆ ತೋರಿಸಲು ಐಟಿ ರಿಟರ್ನ್ಸ್ ಸಲ್ಲಿಸಿದವರು ಎಷ್ಟೋ ಮಂದಿ ಇದ್ದಾರೆ. ರಿಟರ್ನ್ಸ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವಷ್ಟು ಆದಾಯ ಇರುವುದು ಬೇರೆ. ಈ ವ್ಯತ್ಯಾಸವನ್ನು ಯಂತ್ರಕ್ಕೆ ಯಾರಾದರೂ ಹೇಳಿಕೊಟ್ಟಿದ್ದರೆ ಮಾತ್ರ ಅದಕ್ಕೆ ಗೊತ್ತಾಗುತ್ತದೆ. ಅಮೆರಿಕದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಸಾಫ್ಟ್‌ವೇರ್ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಇಂಥದ್ದನ್ನೇ ಕಂಡುಹಿಡಿಯಿತು. ಯಾರಿಗೆ ಹೆಚ್ಚಿನ ಆರೈಕೆ ಬೇಕೆಂದು ಅದು ಅಳೆಯುತ್ತಿದ್ದುದು ಅವರ ಚಿಕಿತ್ಸೆಗೆ ಆಗುವ ಖರ್ಚಿನಿಂದ. ಕಪ್ಪುವರ್ಣೀಯರ ಮೇಲೆ ಅಷ್ಟೇ ಕಾಯಿಲೆಗೂ ಕಡಿಮೆ ಖರ್ಚಾಗುತ್ತಿದ್ದುದರಿಂದ ಅವರು 'ಆರೋಗ್ಯವಂತ'ರಾಗಿ ಕಂಡರು.

ಕರ್ನಾಟಕದಲ್ಲಿ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್‌ಗಳ ರದ್ದತಿಯ ಗದ್ದಲ ಎದ್ದಾಗ, ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಲು ಸರ್ಕಾರವೇ ಸೂಚಿಸಿತು. ಜನ ಗಲಾಟೆ ಮಾಡಿದ್ದಕ್ಕೆ ಸರಿಹೋಯಿತು ಎನ್ನಬಹುದು. ಗಲಾಟೆಯನ್ನೇ ಮೇಲ್ಮನವಿಯ ವ್ಯವಸ್ಥೆ ಮಾಡಿಕೊಳ್ಳುವುದು ಆಡಳಿತಕ್ಕೆ ಶೋಭೆಯಲ್ಲ.

ಬುದ್ಧಿಯೇ ಇಲ್ಲದ ಯಂತ್ರದ ಅನಾಹುತ

ಆಸ್ಟ್ರೇಲಿಯದ 'ರೋಬೋಡೆಟ್' ಪ್ರಕರಣವನ್ನು ಕೃತಕ ಬುದ್ಧಿಮತ್ತೆಯ ಅನಾಹುತವೆಂದು ಹಲವರು ಹೇಳುತ್ತಾರೆ. ಅಲ್ಲಿ ಬುದ್ಧಿಮತ್ತೆ ಎನ್ನುವಂಥದ್ದು ಏನೂ ಇರಲಿಲ್ಲ. ಇದ್ದದ್ದು ಒಂದು ಭಾಗಾಕಾರ. ಅದಕ್ಕೇ ಅದು ಚೆನ್ನಾದ ಪಾಠ.

ಆ ದೇಶದಲ್ಲಿ ನಿರುದ್ಯೋಗ ಭತ್ಯೆ, ವಿದ್ಯಾರ್ಥಿ ಭತ್ಯೆಗಳ ಲೆಕ್ಕ ಎರಡು ವಾರಕ್ಕೊಮ್ಮೆ. ಆ ಎರಡು ವಾರದಲ್ಲಿ ನೀವು ಎಷ್ಟು ದುಡಿದಿರಿ ಎಂಬುದರ ಮೇಲೆ ಭತ್ಯೆ ನಿಂತಿದೆ. ತೆರಿಗೆ ಇಲಾಖೆಯಲ್ಲಿ ಆಗ ಇದ್ದದ್ದು ಮಾತ್ರ ವರ್ಷದ ಒಟ್ಟು ಆದಾಯ. 2016ರಿಂದ ಸರ್ಕಾರ ಎರಡನ್ನೂ ಕಂಪ್ಯೂಟರಿಗೆ ಕೊಟ್ಟು, ವರ್ಷದ ಆದಾಯವನ್ನು 26 ಪಾಲು ಮಾಡಿ ಹೋಲಿಸುವಂತೆ ಮಾಡಿತು. ಒಬ್ಬ ಹುಡುಗಿ ಆರು ತಿಂಗಳು, ಅಂದರೆ 13 ಕಂತು, ತಲಾ 2,000 ಡಾಲರ್ ದುಡಿದಳು ಎನ್ನೋಣ. ಉಳಿದ ಆರು ತಿಂಗಳು ಕೆಲಸವಿರಲಿಲ್ಲ, ಭತ್ಯೆ ಪಡೆದಳು. ವರ್ಷದ ಆದಾಯ 26,000. ಅದನ್ನು 26ರಿಂದ ಭಾಗಿಸಿದರೆ ಪ್ರತಿ ಕಂತಿಗೆ 1,000. 'ಕೆಲಸವಿಲ್ಲ ಎಂದು ಭತ್ಯೆ ತೆಗೆದುಕೊಂಡಾಗಲೂ ನಿನಗೆ 1,000 ಡಾಲರ್ ಬರುತ್ತಿತ್ತು. ಪಡೆದದ್ದನ್ನು ವಾಪಸು ಕಟ್ಟು' ಎಂದು ಪತ್ರ ಬರುತ್ತದೆ. ಅವಳು ಒಂದು ಸುಳ್ಳನ್ನೂ ಹೇಳಿಲ್ಲ.

ಹಿಂದೆಯೂ ಇಂಥ ಹೋಲಿಕೆ ನಡೆಯುತ್ತಿತ್ತು. ಆದರೆ ಆಗ ವ್ಯತ್ಯಾಸ ಕಂಡರೆ ಇಲಾಖೆಯ ಸಿಬ್ಬಂದಿ ಉದ್ಯೋಗದಾತರನ್ನು ವಿಚಾರಿಸಿ ನೋಡುತ್ತಿದ್ದರು. ಖರ್ಚು ಉಳಿಸಲೆಂದು ತೆಗೆದುಹಾಕಿದ್ದು ಆ ಹಂತವನ್ನು. ತಾನು ಸಾಲಗಾರಳಲ್ಲ ಎಂದು ತೋರಿಸಲು ವರ್ಷಗಳ ಹಿಂದಿನ ಸಂಬಳದ ಚೀಟಿಗಳನ್ನು ಹುಡುಕಿ ತರುವ ಕೆಲಸ ಜನರ ಹೆಗಲಿಗೆ ಬಿತ್ತು. ತರಲಾಗದವರು, ಹೆದರಿದವರು ಕಟ್ಟಿದರು. 2019ರ ಕೊನೆಗೆ ಇದು ಕಾನೂನುಬಾಹಿರವೆಂದು ಸರ್ಕಾರ ಫೆಡರಲ್ ನ್ಯಾಯಾಲಯದಲ್ಲಿ ಒಪ್ಪಿಕೊಳ್ಳಬೇಕಾಯಿತು. 2020ರ ಮೇನಲ್ಲಿ ಸುಮಾರು 72 ಕೋಟಿ ಆಸ್ಟ್ರೇಲಿಯನ್ ಡಾಲರ್ ಹಿಂದಿರುಗಿಸುವುದಾಗಿ ಘೋಷಿಸಿತು. 2023ರ ಜುಲೈನಲ್ಲಿ ಬಂದ ರಾಯಲ್ ಕಮಿಷನ್ ವರದಿ ಈ ಯೋಜನೆಯನ್ನು ಕಟುವಾಗಿ ಟೀಕಿಸಿತು.

ನೆದರ್‌ಲ್ಯಾಂಡ್ಸ್‌ನಲ್ಲಿ ನಡೆದದ್ದು ಒಂದು ಹೆಜ್ಜೆ ಮುಂದೆ. ಅಲ್ಲಿನ ತೆರಿಗೆ ಇಲಾಖೆ ಮಕ್ಕಳ ಪಾಲನಾ ಭತ್ಯೆಯ ಅರ್ಜಿಗಳಿಗೆ ಅಪಾಯದ ಅಂಕ ಕೊಡಲು ಒಂದು ಸ್ವಯಂಕಲಿಕೆಯ ಮಾದರಿಯನ್ನು ಬಳಸುತ್ತಿತ್ತು. ಅಂಕ ಹೆಚ್ಚಿಸುವ ಅಂಶಗಳಲ್ಲಿ 'ಡಚ್ ಪೌರತ್ವ ಇದೆಯೇ' ಎಂಬುದೂ ಒಂದಾಗಿತ್ತು. ಅಂಕ ಹೆಚ್ಚು ಬಂದ ಕಡತ ಅಧಿಕಾರಿಯ ಮೇಜಿಗೆ ಬರುತ್ತಿತ್ತು. ಏಕೆ ಬಂತು ಎಂಬ ವಿವರ ಅದರ ಜೊತೆ ಬರುತ್ತಿರಲಿಲ್ಲ. ಅಂದರೆ, ಮನುಷ್ಯರೊಬ್ಬರು ಅಲ್ಲಿ ಕುಳಿತಿದ್ದರು ನಿಜ. ಆದರೆ ಶಂಕೆ ಅವರಿಗಿಂತ ಮೊದಲೇ ಆ ಕುರ್ಚಿಯಲ್ಲಿ ಕುಳಿತಿತ್ತು. ಒಂದು ಸಹಿ ಬಿಟ್ಟಿದ್ದಕ್ಕೆ, ಒಂದು ಸಣ್ಣ ಮೊತ್ತ ಕಟ್ಟದಿದ್ದಕ್ಕೆ ವರ್ಷದ ಪೂರ್ತಿ ಭತ್ಯೆಯನ್ನು ಹಿಂದಿರುಗಿಸುವಂತೆ ಕುಟುಂಬಗಳಿಗೆ ನೋಟಿಸ್ ಹೋಯಿತು. ಹತ್ತಾರು ಸಾವಿರ ತಂದೆತಾಯಂದಿರು ಸಾಲದಲ್ಲಿ ಮುಳುಗಿದರು, ಮನೆ ಕಳೆದುಕೊಂಡವರೂ ಇದ್ದರು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಇಡೀ ಸಂಪುಟ ರಾಜೀನಾಮೆ ಕೊಟ್ಟಿತು. ನೊಂದ ಕುಟುಂಬಕ್ಕೆ ಕನಿಷ್ಠ 30,000 ಯೂರೋ ಪರಿಹಾರ ಎಂದಾಯಿತು.

ತೆಲಂಗಾಣದ ಹೆಸರು ಹೋಲಿಕೆ, ಆಸ್ಟ್ರೇಲಿಯದ ಭಾಗಾಕಾರ, ನೆದರ್‌ಲ್ಯಾಂಡ್ಸಿನ ಕಲಿಯುವ ಯಂತ್ರ: ತಂತ್ರಜ್ಞಾನ ಮೂರು ಕಡೆಯೂ ಬೇರೆ. ಆದರೆ ಸಾಬೀತು ಮಾಡುವ ಭಾರ ಮೂರು ಕಡೆಯೂ ಒಂದೇ ದಿಕ್ಕಿಗೆ ಜಾರಿದೆ. ಮೊದಲು 'ನೀವು ಅನರ್ಹರು' ಎಂದು ತೋರಿಸಬೇಕಾದ ಹೊಣೆ ಇಲಾಖೆಯದಾಗಿತ್ತು. ಆಮೇಲೆ 'ನಾನು ಅರ್ಹ' ಎಂದು ತೋರಿಸುವ ಹೊಣೆ ಜನರದಾಯಿತು. ಯಾವ ಶಾಸನವೂ ಹೀಗೆ ಬದಲಾಯಿಸಿ ಎಂದು ಹೇಳಿರಲಿಲ್ಲ. ಸಾಫ್ಟ್‌ವೇರ್ ಬಂದಾಗ ತಾನೇ ತಾನಾಗಿ ಬದಲಾಯಿತು. ಎಐ ಆಡಳಿತದ ಬಗ್ಗೆ ಎಷ್ಟೇ ದಪ್ಪ ವರದಿ ಬಂದರೂ ನಾನು ಮೊದಲು ತಿರುವಿ ಹುಡುಕುವುದು ಈ ಭಾರ ಎಲ್ಲಿದೆ ಎಂಬ ಒಂದು ಅಂಶವನ್ನೇ. ಪಾರದರ್ಶಕತೆ, ಸಮಾನತೆ, ಉತ್ತರದಾಯಿತ್ವ ಎಂಬ ಮಾತುಗಳನ್ನು ಎಲ್ಲರೂ ಬರೆಯುತ್ತಾರೆ.

ಸಾಲದ ಅಂಕದಲ್ಲಿ ಇರುವ ಹಕ್ಕು

ಭಾರವನ್ನು ಸರಿಯಾದ ಹೆಗಲಿಗೆ ದಾಟಿಸಲು ಸಾಧ್ಯವೇ ಇಲ್ಲವೆಂದೇನೂ ಅಲ್ಲ. ನಮ್ಮ ದೇಶದಲ್ಲೇ ಉದಾಹರಣೆ ಇದೆ: ಸಿಬಿಲ್ ಸ್ಕೋರ್. ಅದೂ ಒಂದು ಅಂಕ, ಅದನ್ನು ಕೊಡುವುದೂ ಯಂತ್ರವೇ, ಅದೂ ನಿಮಗೆ ಸಾಲ ಸಿಗುತ್ತದೆಯೋ ಇಲ್ಲವೋ ಎಂಬುದನ್ನು ಮುಟ್ಟುತ್ತದೆ. ಆದರೆ ಅದರ ಹಿಂದೆ 2005ರ ಕಾಯ್ದೆಯೊಂದಿದೆ, ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ವರ್ಷಕ್ಕೊಮ್ಮೆ ನಿಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ತೀರಿಸಿದ ಸಾಲ ಬಾಕಿ ಎಂದು ತೋರಿಸುತ್ತಿದ್ದರೆ ದೂರು ಕೊಡಬಹುದು. 30 ದಿನಗಳಲ್ಲಿ ಸರಿಪಡಿಸದಿದ್ದರೆ, ಆ ಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ನಿಮಗೆ ಬರಬೇಕು. 2023ರಲ್ಲಿ ಹೊರಡಿಸಿದ ಈ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ನಿಮ್ಮ ವರದಿಯನ್ನು ಯಾರಾದರೂ ತೆರೆದರೆ ಎಸ್ಸೆಮ್ಮೆಸ್ ಅಥವಾ ಇಮೇಲ್‌ನಲ್ಲಿ ನಿಮಗೆ ಸುದ್ದಿ ಬರಬೇಕು.

ದಿನಕ್ಕೆ 100 ರೂಪಾಯಿ ದೊಡ್ಡ ಮೊತ್ತವಲ್ಲ. ತಪ್ಪಿನ ಖರ್ಚು ತಪ್ಪು ಮಾಡಿದವರ ಮೇಲೆಯೇ ಬೀಳುತ್ತದೆ ಎಂಬುದು ದೊಡ್ಡದು. ಕಾರಿನ ಸಾಲಕ್ಕೆ ಹೋದವರಿಗೆ ಇರುವ ಈ ಸೌಲಭ್ಯ ಅಕ್ಕಿಗೆ ಹೋದವರಿಗೆ ಏಕಿಲ್ಲ ಎಂದು ಕೇಳಿದರೆ ಒಪ್ಪುವಂಥ ಉತ್ತರ ನನಗೆ ಇದುವರೆಗೆ ಸಿಕ್ಕಿಲ್ಲ.

ಹೊಸ ಕಾಯ್ದೆಯಲ್ಲಿ ಇರುವುದೆಷ್ಟು, ಇಲ್ಲದ್ದೆಷ್ಟು

ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿಯನ್ನು 2012ರಲ್ಲಿ ಹಾಕಿದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಆಗಲೇ ಅವರು ಎಂಬತ್ತು ದಾಟಿದ್ದರು. ಜಗತ್ತಿನ ಯಾವ ಮೂಲೆಯ ಕಾನೂನು ವಿದ್ಯಾರ್ಥಿ ಈಗ ಭಾರತದ ಖಾಸಗಿತನದ ಹಕ್ಕಿನ ಬಗ್ಗೆ ಓದಿದರೂ ಅವರ ಹೆಸರಿನಿಂದಲೇ ಶುರುಮಾಡಬೇಕು. ಸರ್ಕಾರ ಈ ಹಕ್ಕಿಗೆ ಕೈಹಾಕಬೇಕಾದರೆ ಅದಕ್ಕೊಂದು ಕಾನೂನು ಇರಬೇಕು, ನ್ಯಾಯವಾದ ಉದ್ದೇಶ ಇರಬೇಕು, ಕೈಹಾಕುವ ಪ್ರಮಾಣ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬ ಅಳತೆಗೋಲು ಆ ತೀರ್ಪಿನಿಂದ ಬಂತು. ಆಧಾರ್ ಕುರಿತ 2018ರ ಸೆಪ್ಟೆಂಬರಿನ ತೀರ್ಪು, ಸವಲತ್ತುಗಳಿಗೆ ಆಧಾರ್ ಬಳಸುವುದನ್ನು ಬಹುಮತದಿಂದ ಎತ್ತಿಹಿಡಿಯಿತು.

ಖಾಸಗಿತನದ ತೀರ್ಪಿನ ಸುಮಾರು ಆರು ವರ್ಷಗಳ ನಂತರ, 2023ರ ಆಗಸ್ಟ್ 11ರಂದು, ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ನಿಯಮಗಳು ಬಂದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಕಾಲಾವಕಾಶ. ಖಾಸಗಿ ಕಂಪನಿಗಳ ಮಟ್ಟಿಗೆ ಇದರಲ್ಲಿ ಒಳ್ಳೆಯ ಅಂಶಗಳಿವೆ. ಒಪ್ಪಿಗೆ ನಿರ್ದಿಷ್ಟ ಉದ್ದೇಶಕ್ಕಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು. ಕಾಯ್ದೆಯಲ್ಲಿಯೇ ಕೊಟ್ಟಿರುವ ಒಂದು ಉದಾಹರಣೆ: ವೈದ್ಯರೊಂದಿಗೆ ಮಾತಾಡಿಸುವ ಆ್ಯಪ್ ನಿಮ್ಮ ಫೋನಿನ ಸಂಪರ್ಕ ಪಟ್ಟಿಯನ್ನೂ ಕೇಳಿ, ನೀವು 'ಹೂಂ' ಎಂದು ಒತ್ತಿದರೂ, ಚಿಕಿತ್ಸೆಗೆ ಅದು ಬೇಕಿಲ್ಲವಾದ್ದರಿಂದ ಆ ಒಪ್ಪಿಗೆ ನಿಲ್ಲುವುದಿಲ್ಲ. ಒಪ್ಪಿಗೆಯ ಪತ್ರವನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಇರಬೇಕು. ಕನ್ನಡದಲ್ಲಿ ಕೇಳಿ ಪಡೆಯುವ ಹಕ್ಕು ಕಾನೂನಿನಲ್ಲಿ ಬಂದಿದೆ. ಬಳಸುವುದು ನಮಗೆ ಬಿಟ್ಟದ್ದು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು.

ಸರ್ಕಾರದ ವಿಷಯಕ್ಕೆ ಬಂದಾಗ ಕಾಯ್ದೆಯ ದನಿ ಮೆತ್ತಗಾಗುತ್ತದೆ. ಸಬ್ಸಿಡಿ, ಸವಲತ್ತು, ಪ್ರಮಾಣಪತ್ರ, ಪರವಾನಗಿ ಕೊಡುವುದಕ್ಕಾಗಿ ಸರ್ಕಾರ ತನ್ನ ಬಳಿ ಇರುವ ನಿಮ್ಮ ಮಾಹಿತಿಯನ್ನು ಹೊಸದಾಗಿ ಒಪ್ಪಿಗೆ ಕೇಳದೆ ಬಳಸಬಹುದು. ನಿಮ್ಮ ಮಾಹಿತಿ ನೋಡುವ, ತಿದ್ದಿಸುವ ಹಕ್ಕುಗಳನ್ನು ಕಾಯ್ದೆ ಒಪ್ಪಿಗೆಯೊಂದಿಗೆ ಕಟ್ಟಿಹಾಕಿದೆ. ಒಪ್ಪಿಗೆಯೇ ಬೇಡವಾದ ಕಡೆ ಆ ಹಕ್ಕು ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ಮುಂದೆ ನ್ಯಾಯಾಲಯಗಳಲ್ಲಿ ತೀರ್ಮಾನವಾಗಬೇಕಾದ ಸಂಗತಿ. ಒಂದು ಸಾಲು ಮಾತ್ರ ನೆನಪಿಡುವಂಥದ್ದು, ಎಂಟನೇ ಕಲಮಿನಲ್ಲಿದೆ: ಯಾರಾದರೂ ಒಬ್ಬರ ಮೇಲೆ ಪರಿಣಾಮ ಬೀರುವ ತೀರ್ಮಾನಕ್ಕೆ ಮಾಹಿತಿಯನ್ನು ಬಳಸುವುದಾದರೆ ಅದು ಪೂರ್ಣವೂ ಸರಿಯೂ ಆಗಿರುವಂತೆ ನೋಡಿಕೊಳ್ಳುವುದು ಬಳಸುವವರ ಕರ್ತವ್ಯ. ಭಾರವನ್ನು ಮತ್ತೆ ಇಲಾಖೆಯ ಕಡೆ ವಾಲಿಸಲು ಮುಂದೆ ವಕೀಲರಿಗೆ ಸಿಗಬಹುದಾದ ಹಿಡಿ ಇದು.

ಇಲ್ಲದೇ ಇರುವುದು, ಯಂತ್ರವೊಂದೇ ತೆಗೆದುಕೊಂಡ ತೀರ್ಮಾನವನ್ನು ಪ್ರಶ್ನಿಸುವ ನೇರ ಹಕ್ಕು. ಐರೋಪ್ಯ ಒಕ್ಕೂಟದಲ್ಲಿ 2018ರ ಮೇಯಿಂದ ಜಾರಿಯಲ್ಲಿರುವ ದತ್ತಾಂಶ ನಿಯಮದ 22ನೇ ವಿಧಿ ಅದನ್ನು ಕೊಡುತ್ತದೆ. 2024ರ ಆಗಸ್ಟ್‌ನಲ್ಲಿ ಚಾಲನೆಗೆ ಬಂದ ಅಲ್ಲಿನ ಎಐ ಕಾಯ್ದೆ, ಸರ್ಕಾರಿ ಸವಲತ್ತಿಗೆ ಯಾರು ಅರ್ಹರು ಎಂದು ಅಳೆಯುವ ವ್ಯವಸ್ಥೆಗಳನ್ನು 'ಹೆಚ್ಚಿನ ಅಪಾಯ'ದ ಪಟ್ಟಿಗೆ ಸೇರಿಸಿದೆ. ಜನರ ನಡತೆಗೆ ಅಂಕ ಕೊಟ್ಟು ಅವರನ್ನು ಶಿಕ್ಷಿಸುವಂಥ ವ್ಯವಸ್ಥೆಗಳನ್ನು ನಿಷೇಧಿಸಿದೆ. ನಮ್ಮ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಎಐ ಆಡಳಿತದ ಮಾರ್ಗಸೂಚಿ ಹೊರಡಿಸಿ ಏಳು ಸೂತ್ರಗಳನ್ನು ಕೊಟ್ಟಿತು. ಸದ್ಯಕ್ಕೆ ಪ್ರತ್ಯೇಕ ಕಾನೂನು ಬೇಡ, ಇರುವ ಕಾನೂನುಗಳೇ ಸಾಕೆಂಬುದು ಅದರ ನಿಲುವು.

ಇರುವ ಕಾನೂನೇ ಸಾಕೆಂದ ಮೇಲೆ ಅದನ್ನೇ ಹಿಡಿದು ಕೇಳೋಣ.

ಕೇಳುವುದು ಹೇಗೆ

ಮಾಹಿತಿ ಹಕ್ಕು ಕಾಯ್ದೆಯ ಬಗ್ಗೆ ಗೊತ್ತಿರುವವರೂ ಅದರ 4(1)(ಡಿ) ಕಲಮನ್ನು ಅಷ್ಟಾಗಿ ಗಮನಿಸಿರುವುದಿಲ್ಲ. ಆಡಳಿತಾತ್ಮಕ ತೀರ್ಮಾನಗಳಿಂದ ಬಾಧಿತರಾದವರಿಗೆ ಕಾರಣ ಕೊಡುವುದು ಪ್ರತಿ ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ ಎಂದು 2005ರಲ್ಲೇ ಅಲ್ಲಿ ಬರೆದಿದೆ. ತೀರ್ಮಾನವನ್ನು ಮನುಷ್ಯರು ತೆಗೆದುಕೊಂಡರೇ ಯಂತ್ರ ತೆಗೆದುಕೊಂಡಿತೇ ಎಂದು ಆ ಕಲಮು ಭೇದ ಮಾಡುವುದಿಲ್ಲ. 'ಸಿಸ್ಟಮ್‌ನಲ್ಲಿ ಹಾಗೆ ತೋರಿಸುತ್ತಿದೆ' ಎಂಬುದು ಕಾರಣವಲ್ಲ.

ದತ್ತಾಂಶ ಕಾಯ್ದೆಯ ಮೂಲಕ ಇದೇ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಕಲಮಿಗೆ ತಿದ್ದುಪಡಿ ತಂದು, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವ ದಾರಿಯನ್ನು ಅಗಲ ಮಾಡಲಾಗಿದೆ. ಪತ್ರಕರ್ತರೂ ಸಾಮಾಜಿಕ ಕಾರ್ಯಕರ್ತರೂ ಇದನ್ನು ವಿರೋಧಿಸುತ್ತಿದ್ದಾರೆ, ಸರಿಯಾಗಿಯೇ. ಊರಿನ ಫಲಾನುಭವಿಗಳ ಪಟ್ಟಿಯನ್ನು ಕೇಳುವವರಿಗೆ ಇದರಿಂದ ತೊಡಕಾಗುತ್ತದೆ. ಆದರೆ ನೀವು ನಿಮ್ಮದೇ ಕಾರ್ಡಿನ ಬಗ್ಗೆ ಕೇಳುತ್ತಿರುವಾಗ ಬೇರೆಯವರ ಖಾಸಗಿತನದ ನೆಪ ಒಡ್ಡುವುದು ಕಷ್ಟ.

ಮೊದಲು ರದ್ದತಿಯ ಆದೇಶವನ್ನು ಬರಹದಲ್ಲಿ ಕೇಳಿ. ಬಾಯಿಮಾತಿನ ಮೇಲೆ ಮೇಲ್ಮನವಿ ಹಾಕಲಾಗುವುದಿಲ್ಲ. ಬೆರಳಚ್ಚು ಬರುತ್ತಿಲ್ಲ, ಇ-ಕೆವೈಸಿ ಆಗಿಲ್ಲ ಎಂಬುದು ಒಂದು ಬಗೆಯ ತೊಂದರೆ. ಅನರ್ಹ ಎಂದು ತೀರ್ಮಾನಿಸಿ ತೆಗೆದುಹಾಕಿರುವುದು ಇನ್ನೊಂದು. ನಿಮ್ಮದು ಯಾವುದು ಎಂದು ಮೊದಲು ಖಚಿತಪಡಿಸಿಕೊಳ್ಳಿ. ಸಿಮೆಂಟು, ಸುಣ್ಣ, ಅಡಿಕೆ ಸುಲಿತದಲ್ಲಿ ಬೆರಳು ಸವೆದವರಿಗೆ ಮೊದಲನೆಯದು ಮಾಮೂಲು. ಆಧಾರ್ ಇಲ್ಲವೆಂಬ ಒಂದೇ ಕಾರಣಕ್ಕೆ ಅರ್ಹರ ಹೆಸರು ತೆಗೆಯಬಾರದು ಎಂದು ಕೇಂದ್ರ ಆಹಾರ ಇಲಾಖೆ 2017ರ ಅಕ್ಟೋಬರ್‌ನಲ್ಲೇ ರಾಜ್ಯಗಳಿಗೆ ಬರೆದಿದೆ.

ಅನರ್ಹ ಎಂದು ತೆಗೆದಿದ್ದರೆ ಎರಡು ದಾರಿಗಳನ್ನು ಒಟ್ಟಿಗೇ ಹಿಡಿಯಬಹುದು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಡಿ ಪ್ರತಿ ಜಿಲ್ಲೆಗೂ ಒಬ್ಬ ಕುಂದುಕೊರತೆ ನಿವಾರಣಾ ಅಧಿಕಾರಿ ಇರಬೇಕು, ಅವರ ಮೇಲೆ ರಾಜ್ಯ ಆಹಾರ ಆಯೋಗ. ಕಾರ್ಡ್ ಮರಳಿ ಕೊಡಿಸಬಲ್ಲ ದಾರಿ ಅದು. ಕಾರಣ ಹೊರಗೆಡಹುವ ದಾರಿ ಮಾಹಿತಿ ಹಕ್ಕಿನ ಅರ್ಜಿ. ಕರ್ನಾಟಕದ ನಿಯಮದ ಪ್ರಕಾರ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಹಾಗಾಗಿ ಕಷ್ಟಸುಖ ಬರೆಯಬೇಡಿ, ಪ್ರಶ್ನೆಗಳನ್ನಷ್ಟೇ ಬರೆಯಿರಿ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ. ಆದರೆ ಬಿಪಿಎಲ್ ಕಾರ್ಡೇ ರದ್ದಾಗಿರುವವರು, ಬೇರೆ ದಾರಿಯಿಲ್ಲ, ಆ 10 ರೂಪಾಯಿಯನ್ನೂ ಕಟ್ಟಿಬಿಡುವುದು ಲೇಸು.

ಅರ್ಜಿಯ ಒಡಲು ಹೀಗಿರಬಹುದು:

"ನನ್ನ ಪಡಿತರ ಚೀಟಿ ಸಂಖ್ಯೆ (ಇಲ್ಲಿ ಸಂಖ್ಯೆ). ಇದನ್ನು ರದ್ದುಪಡಿಸಿದ ಆದೇಶದ ದೃಢೀಕೃತ ಪ್ರತಿ ಕೊಡಿ. ರದ್ದತಿಗೆ ಆಧಾರವಾದ ಮಾಹಿತಿ ಯಾವುದು, ಅದು ಯಾವ ಇಲಾಖೆಯ ಯಾವ ಡೇಟಾಬೇಸಿನಿಂದ, ಯಾವ ದಿನಾಂಕದಂದು ಬಂದಿದೆ ಎಂದು ತಿಳಿಸಿ. ಆ ಮಾಹಿತಿ ನನ್ನದೇ ಎಂದು ಹೇಗೆ ಹೊಂದಾಣಿಕೆ ಮಾಡಲಾಯಿತು: ಆಧಾರ್ ಸಂಖ್ಯೆಯಿಂದಲೋ, ಹೆಸರು–ವಿಳಾಸದ ಹೋಲಿಕೆಯಿಂದಲೋ? ಸ್ಥಳ ಪರಿಶೀಲನೆ ನಡೆದಿದ್ದರೆ ಅದರ ವರದಿಯ ಪ್ರತಿ, ನಡೆಸಿದ ಅಧಿಕಾರಿಯ ಪದನಾಮ ಕೊಡಿ. ನನಗೆ ನೋಟಿಸ್ ಕಳಿಸಿದ್ದರೆ ಅದರ ಪ್ರತಿ ಮತ್ತು ತಲುಪಿದ್ದಕ್ಕೆ ದಾಖಲೆ ಕೊಡಿ. ಮಾಹಿತಿ ಹಕ್ಕು ಕಾಯ್ದೆ, ಕಲಮು 4(1)(ಡಿ) ಪ್ರಕಾರ ತೀರ್ಮಾನದ ಕಾರಣಗಳನ್ನು ತಿಳಿಸಿ."

ನಾಲ್ಕನೆಯ ಪ್ರಶ್ನೆಗೆ, ಅಂದರೆ ಸ್ಥಳ ಪರಿಶೀಲನೆಯ ಪ್ರಶ್ನೆಗೆ, ಬರುವ ಉತ್ತರವನ್ನು ಜೋಪಾನವಾಗಿಡಿ. ಯಾರೂ ಮನೆಗೆ ಬಂದು ನೋಡಿಲ್ಲ ಎಂದು ಬರಹದಲ್ಲಿ ಸಿಕ್ಕರೆ, ಆಹಾರ ಆಯೋಗದ ಎದುರಾಗಲಿ ನ್ಯಾಯಾಲಯದ ಎದುರಾಗಲಿ ಅದಕ್ಕಿಂತ ಗಟ್ಟಿಯಾದ ಕಾಗದ ಬೇಕಿಲ್ಲ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರದಲ್ಲಿ ಮತ್ತೆ 'ತಂತ್ರಾಂಶದಲ್ಲಿ ಅನರ್ಹ ಎಂದು ಬಂದಿರುತ್ತದೆ' ಎಂದಿದ್ದರೆ, ಅಲ್ಲಿಂದ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ಅದೂ ಫಲಿಸದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.